ಕಡೆಯ ಡಬ್ಬಿ

ಪ್ರಯಾಣಿಕರ ರೈಲಿಗಾಗಿ ಕಾದು ನಿಲ್ಲುವವರು ಬಹುಮಂದಿ ಉಂಟು. ಗೂಡ್ಸು ಗಾಡಿಗಾಗಿ ಕಾದು ನಿಲ್ಲುವವರು ಲೋಕದಲ್ಲಿ ವಿರಳ. ಗೇಟು ಹಾಕಿದಾಗ ಬರುತ್ತಿರುವುದು ಗೂಡ್ಸೆಂದು ತಿಳಿದರೆ ಸಾಕು, ನಿಂತವರು ಬೇಸರದಿಂದ ಮುಖ ತಿರುಹುವರು. ತಮ್ಮ ಮನೆಯ ದೀಪಕ್ಕೆ ಬೇಕಾದ ಕಲ್ಲಿದ್ದಲೋ ತಮ್ಮ ಗದ್ದೆಗೆ ಬೇಕಾದ ಗೊಬ್ಬರವೋ ಅದರಲ್ಲಿ ಹೋಗುತ್ತಿರಬಹುದೆಂಬ ಯೋಚನೆ ಯಾರಿಗೂ ಬರುವುದಿಲ್ಲ. ನಾನಾದರೋ ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದಂದಿನಿಂದ ಈ ಗಾಡಿಗಳ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದೇನೆ. “ಮೊಮ್ಮಕ್ಕಳ ಚಿತ್ರ ತೆಗೆಯಲೆಂದು ಮಗ ಕ್ಯಾಮೆರಾ ತಂದುಕೊಟ್ಟರೆ, ನೀವು ಕಲ್ಲಿದ್ದಲಿನ ಡಬ್ಬಿಗಳನ್ನು ಹಿಡಿದು ತರುತ್ತೀರಲ್ಲ!” ಎಂಬುದು ನನ್ನ ಗೃಹಿಣಿಯ ಆಕ್ಷೇಪಣೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸಂಸ್ಕೃತದಲ್ಲಿ ‘ಛಾಯಾ’ ಎಂದರೆ ನೆರಳೂ ಅಹುದು, ಕಾಂತಿಯೂ ಅಹುದು ಎಂದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಎರಡನ್ನೂ ಒಂದೇ ಕಡೆ ನೋಡುವ ಆಸೆ ಹುಟ್ಟಿತೆಂದು ಬೇಕಾದರೆ ಹೇಳಿಕೊಳ್ಳಬಹುದು.

ನಾನು ಹೋಗುವ ಸ್ಥಳ ಶಿರಾಡಿ ಘಾಟಿಯ ಕೆಂಪುಹೊಳೆಯ ದಡ. ಈ ಹೊಳೆಯು ಕುಮಾರಧಾರೆಯನ್ನು ಸೇರಿ, ಆ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಸಂಗಮಿಸುತ್ತದೆ. ಹೆದ್ದಾರಿಯು ಹೊಳೆಯ ಪಕ್ಕದಲ್ಲಿಯೇ ಇಳಿಯುವುದು. ರೈಲಿನ ದಾರಿಯು ಎದುರಿನ ಬೆಟ್ಟದ ಸೊಂಟದಲ್ಲಿ, ಕಾಡಿನ ನಡುವೆ ಸಾಗುವುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಆ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರಬೇಕೆಂಬಷ್ಟು ಕಡಿದಾದ ದಾರಿ. ಏರುವ ಗೂಡ್ಸಿಗೆ ಮುಂದೆ ಎಳೆಯುವ ಎಂಜಿನುಗಳು ಸಾಲದೆ, ಹಿಂದಿನಿಂದಲೂ ಎಂಜಿನುಗಳನ್ನು ಕಟ್ಟಿ ನೂಕಿಸುವರು. ರೈಲಿನ ಕಂಬಿಯ ಮೇಲೆ ನಡೆಯುವುದು ಕಾನೂನಿಗೆ ವಿರುದ್ಧ. ಸುರಂಗದೊಳಗೆ ಗಾಡಿ ಎದುರಾದರೆ ಪ್ರಾಣಕ್ಕೂ ವಿರುದ್ಧ. ಆದಕಾರಣ ನಾನು ಹೆದ್ದಾರಿಯ ಅಂಚು ಬಿಟ್ಟು ಕದಲುವುದಿಲ್ಲ. ಹೊಳೆ ನಡುವೆ ಇರಲಿ, ಗಾಡಿ ಅತ್ತ, ನಾನು ಇತ್ತ.

ಗೂಡ್ಸಿಗೆ ನಮಗೆ ತಿಳಿಯುವಂಥ ವೇಳಾಪಟ್ಟಿ ಇಲ್ಲ. ಅದು ಬರುವುದು ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ. ಎಲ್ಲಿಯೋ ಒಂದು ಗುಡುಗು ಹುಟ್ಟಿ, ಸುರಂಗ ಹೊಕ್ಕಾಗ ಅಡಗಿ, ಹೊರಬಂದಾಗ ಮತ್ತೆ ಮೊಳಗುತ್ತದೆ. ಹೀಗೆ ಅರ್ಧ ಗಂಟೆ ಕಿವಿಯಲ್ಲಿ ಆಡಿಸಿ, ಕಡೆಗೆ ಎರಡು ಮರಗಳ ನಡುವಣ ಒಂದು ಸೇತುವೆಯ ಮೇಲೆ ಮುಖ ತೋರುವುದು. ಬೇಸಗೆಯ ನಡುಹಗಲಿನಲ್ಲಿ ಚಿತ್ರ ತೆಗೆದರೆ ಬೆಟ್ಟವೆಲ್ಲ ಬಿಳುಪು, ಗಾಡಿಯೆಲ್ಲ ಕಪ್ಪು. ಮಳೆ ನಿಂತ ಮಾರನೆಯ ದಿನ ಮೋಡ ಕವಿದಿರುವಾಗ ಹಸುರಿನಲ್ಲಿಯೇ ಹತ್ತು ಬಗೆ ಕಾಣುತ್ತದೆ. ಆದರೆ ಮಂಜು ಯಾವ ಕ್ಷಣದಲ್ಲಿ ತೆರೆ ಎಳೆಯುವುದೋ ಹೇಳಲಾಗದು. ಎಷ್ಟೋ ಸಲ ಗಾಡಿ ಹೋದ ಸದ್ದನ್ನು ಮಾತ್ರ ಕೇಳಿ ಮನೆಗೆ ಬಂದದ್ದುಂಟು. ನನ್ನಂತೆಯೇ ಕ್ಯಾಮೆರಾ ಹಿಡಿದು ಬರುವ ತರುಣರು ಎಂಜಿನಿನ ಚಿತ್ರ ತೆಗೆದೊಡನೆ ಕ್ಯಾಮೆರಾ ಮುಚ್ಚಿ ಕಾಫಿಗೆ ಹೊರಡುತ್ತಾರೆ. ನಾನು ಮಾತ್ರ ಕಡೆಯ ಡಬ್ಬಿಯವರೆಗೆ ನಿಲ್ಲುತ್ತೇನೆ. ಅದಕ್ಕೊಂದು ಕಾರಣವಿದೆ.

ನನ್ನ ಶಿಷ್ಯನೊಬ್ಬನು ಗೂಡ್ಸು ಗಾಡಿಯ ಗಾರ್ಡು. 2022ರ ಜನವರಿಯಿಂದ ಆ ಹುದ್ದೆಗೆ ‘ಟ್ರೇನ್ ಮ್ಯಾನೇಜರ್’ ಎಂದು ಹೆಸರು ಬದಲಾಗಿದೆ. ಕೂರುವ ಜಾಗ ಮಾತ್ರ ಆ ಬಾಲದ ಡಬ್ಬಿಯೇ. ಅವನ ಬಳಿ ಕೆಂಪು ಹಸುರು ಬಾವುಟಗಳು, ಒಂದು ಕೈದೀಪ, ಕಂಬಿಯ ಮೇಲಿಡುವ ಎಚ್ಚರಿಕೆಯ ಪಟಾಕಿಗಳು. ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತು, ಅಗತ್ಯಬಿದ್ದರೆ, ಹಿಂದಕ್ಕೆ ನಡೆದು 600 ಮೀಟರಿನಲ್ಲಿ ಒಂದನ್ನೂ 1200 ಮೀಟರಿನಲ್ಲಿ ಮೂರನ್ನೂ ಇಟ್ಟು ಬರಬೇಕೆಂದು ನಿಯಮ. ಅದು ಮಳೆಯ ರಾತ್ರಿಯೇ ಆಗಿರಲಿ, ನಡುವೆ ಸುರಂಗವೇ ಇರಲಿ, ಕಾಡಾನೆಯ ಹೆಜ್ಜೆಯೇ ಇರಲಿ. ಡಬ್ಬಿಯ ಬೆನ್ನಿಗೆ ‘ಎಲ್.ವಿ.’ ಎಂದು ಬರೆದ ಫಲಕವೊಂದಿರುತ್ತದೆ. ಕಡೆಯ ವಾಹನವೆಂದು ಅದರ ಅರ್ಥ. ನಿಲ್ದಾಣದವರು ಆ ಫಲಕವನ್ನು ಕಂಡ ಮೇಲೆಯೇ ಗಾಡಿ ಪೂರ್ತಿಯಾಗಿ ಬಂತೆಂದೂ ಹಿಂದೆ ಯಾವ ಡಬ್ಬಿಯೂ ಕಳಚಿ ಉಳಿದಿಲ್ಲವೆಂದೂ ನಂಬುವರು. ಈಚೆಗೆ ಈ ಕೆಲಸಕ್ಕೆ ಒಂದು ಉಪಕರಣವನ್ನು ಕಂಡುಹಿಡಿದು, ಗಾಡಿಯ ಬಾಲಕ್ಕೆ ಅದನ್ನು ಸಿಕ್ಕಿಸಿ, ಕೆಲವೆಡೆ ಗಾರ್ಡಿಲ್ಲದೆಯೇ ಗೂಡ್ಸು ಓಡಿಸಿ ನೋಡಿದ್ದಾರೆ. ತನ್ನ ಕೆಲಸ ಇನ್ನೆಷ್ಟು ವರ್ಷವೋ ಎಂದು ಶಿಷ್ಯನು ನಗುತ್ತಲೇ ಹೇಳುವುದುಂಟು.

ಈ ದಾರಿಯಲ್ಲಿ ಯಾವಾಗಲೂ ಮೊದಲು ನಡೆಯುವುದು ಗೂಡ್ಸೇ. 1979ರಲ್ಲಿ ತೆರೆದ ಮೀಟರ್ ಗೇಜಿನ ದಾರಿಯನ್ನು ಅಗಲಮಾಡಿದ ತರುವಾಯ 2006ರಲ್ಲಿ ಸರಕಿನ ಗಾಡಿಗಳನ್ನು ಬಿಟ್ಟರು. ಜನರನ್ನು ಬಿಟ್ಟದ್ದು 2007ರ ಡಿಸೆಂಬರಿನಲ್ಲಿ. 2024ರ ಜುಲೈ 26ರಂದು ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಭೂಮಿ ಕುಸಿದು ದಾರಿ ಕಟ್ಟಿತಷ್ಟೆ. ಆಗಸ್ಟಿನಲ್ಲಿ ದುರಸ್ತಿಯಾದಾಗಲೂ ಹಾಗೆಯೇ, ಮೊದಲು ಗೂಡ್ಸು, ಆಮೇಲೆ ಪ್ರಯಾಣಿಕರು. ನೆಲ ಭಾರ ತಡೆಯುವುದೇ ಎಂಬುದನ್ನು ನೋಡಬೇಕಾದ್ದು ನ್ಯಾಯವೇ. ಆದರೆ ಸರಕಿನ ಗಾಡಿಯಲ್ಲಿಯೂ ಮನುಷ್ಯರಿದ್ದಾರೆಂಬುದು ಸುದ್ದಿ ಓದುವವರ ನೆನಪಿಗೆ ಬರುವುದಿಲ್ಲ. ಅಂಥ ಒಬ್ಬನ ತಾಯಿಗೆ ಬರುತ್ತದೆ. ಆ ದಿನಗಳಲ್ಲಿ ಆಕೆ ದಿನಕ್ಕೆರಡು ಬಾರಿ ನಮ್ಮ ಜಗಲಿಗೆ ಬಂದು, “ಮೇಷ್ಟ್ರೇ, ಪೇಪರಿನಲ್ಲಿ ಏನು ಬಂದಿದೆ?” ಎಂದು ಕೇಳುತ್ತಿದ್ದರು. ಎಪ್ಪತ್ತು ದಾಟಿದ ಆಕೆ ಮಗನು ಕೆಲಸ ಮಾಡುವ ಜಾಗವನ್ನು ಒಮ್ಮೆಯೂ ನೋಡಿದವರಲ್ಲ. “ನಿಮ್ಮ ಕ್ಯಾಮೆರಾದಲ್ಲಿ ಅವನೂ ಸಿಕ್ಕುತ್ತಾನೆಯೇ?” ಎಂದು ಒಂದು ದಿನ ಕೇಳಿದರು.

ಶಿಷ್ಯನಿಗೆ ತಿಳಿಸಿದೆ. ಅವನು ಕೊಂಚ ಹೊತ್ತು ಸುಮ್ಮನಿದ್ದು, “ತೆಗೆಯಿರಿ ಮೇಷ್ಟ್ರೇ. ಆದರೆ ಡಬ್ಬಿಯಲ್ಲಿ ನಾಲ್ಕೈದು ಜನ ಜೊತೆಯಲ್ಲಿರುತ್ತೇವೆಂದು ಅಮ್ಮನಿಗೆ ಹೇಳಿದ್ದೇನೆ” ಎಂದನು.

ಇದೇನೂ ಸಣ್ಣ ವಿಷಯವಲ್ಲ. ಮಗನು ಹನ್ನೆರಡು ವರ್ಷಗಳಿಂದ ಕಾಪಾಡಿಕೊಂಡು ಬಂದ ಸಮಾಧಾನವನ್ನು ಒಂದು ಚಿತ್ರ ಕೆಡಿಸಬಹುದು; ಚಿತ್ರ ತೆಗೆಯದೆ ಹೋದರೆ ಮುದುಕಿಯ ಆಸೆ ಉಳಿಯುವುದು. ಎರಡು ತಿಂಗಳು ಏನೂ ನಿಶ್ಚಯಿಸಲಾರದೆ ಇದ್ದೆನು. ಕಡೆಗೆ ಅವನೇ ನವೆಂಬರಿನ ಒಂದು ಬೆಳಿಗ್ಗೆ ಕೆಲಸಕ್ಕೆ ಏರುವ ಮುನ್ನ ಫೋನು ಮಾಡಿ, ಖಾಲಿ ಗಾಡಿಯೊಡನೆ ಘಾಟಿಯಿಳಿಯುತ್ತಿರುವುದಾಗಿ ತಿಳಿಸಿದನು. ಹೋಗಿ ಕಾದೆನು. ಮಂಜು ಹರಿದಿತ್ತು. ಡಬ್ಬಿಯ ಮೇಲೆ ಡಬ್ಬಿ ಮುಗಿಯದಂತೆ ಸೇತುವೆ ದಾಟಿ, ಕಡೆಯದು ಬಂದಿತು. ಕಟಾಂಜನದ ಬಳಿ ಒಬ್ಬನೇ ನಿಂತು, ನಾನೆಲ್ಲಿದ್ದೇನೆಂದು ಕಾಣದೆಯೇ, ಹೊಳೆಯ ಈಚೆಗೆ ಹಸುರು ಬಾವುಟ ಬೀಸಿದನು.

ಚಿತ್ರವನ್ನು ಕಾಗದದ ಮೇಲೆ ಅಚ್ಚು ಮಾಡಿಸಿ, ಅವನು ಮನೆಯಲ್ಲಿರುವಾಗಲೇ ಕೊಂಡುಹೋದೆನು. ತಾಯಿಯು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಗನು ನೆಲ ನೋಡುತ್ತಿದ್ದನು.

“ಒಬ್ಬನೇ ಎಂದು ನನಗೆ ಗೊತ್ತಿತ್ತು,” ಎಂದರು. “ಜೊತೆಯಲ್ಲಿ ನಾಲ್ಕು ಜನ ಇದ್ದಿದ್ದರೆ ನಾನು ಕಟ್ಟಿಕೊಟ್ಟ ಉಪ್ಪಿನಕಾಯಿ ಉಳಿದು ಹಿಂದಕ್ಕೆ ಬರುತ್ತಿತ್ತೇ?”

ಮತ್ತೆ ಚಿತ್ರದ ಕಡೆ ತಿರುಗಿ, “ಇದು ಬರುತ್ತಿರುವುದೋ, ಹೋಗುತ್ತಿರುವುದೋ?” ಎಂದು ಕೇಳಿದರು.

“ಮಂಗಳೂರಿಗೆ ಹೋಗುತ್ತಿರುವುದು, ತಾಯಿ.”

“ಹಾಗಾದರೆ ಗೋಡೆಗೆ ಬೇಡ. ಬರುತ್ತಿರುವುದೊಂದನ್ನು ತೆಗೆದುಕೊಡಿ.”

ಏರುವ ಗಾಡಿಯನ್ನು ಹಿಂದಿನಿಂದ ಎಂಜಿನುಗಳು ನೂಕುತ್ತಿರುವಾಗ ಅವನ ಡಬ್ಬಿ ತೆರವಾಗಿ ಕಾಣುವುದು ದುರ್ಲಭ. ಅದನ್ನು ಆಕೆಗೆ ವಿವರಿಸಲಿಲ್ಲ. ಸ್ವಲ್ಪ ಮೇಲಕ್ಕೆ, ಹೆದ್ದಾರಿಯ ತಿರುವೊಂದರಲ್ಲಿ, ಓರೆಯಾಗಿ ಕಾಣುವ ಜಾಗವೊಂದನ್ನು ಗುರುತು ಮಾಡಿಟ್ಟುಕೊಂಡಿದ್ದೇನೆ; ಆ ಚಿತ್ರ ಇನ್ನೂ ಸಿಕ್ಕಿಲ್ಲ.