ಬಂಡಿಯ ಕೆಳಗಿನ ಕಂದೀಲು

ಮನೆಗೆ ಒಂದು ಜೊತೆ ಎತ್ತು ತರುವಾಗ ನಮ್ಮ ಸೀಮೆಯ ರೈತನು ಎಷ್ಟು ವಿಚಾರ ಮಾಡುತ್ತಾನೆಂಬುದು ವಾಚಕರಿಗೆ ತಿಳಿದದ್ದೇ. ಅವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ಎತ್ತಿ ಪರೀಕ್ಷಿಸುತ್ತಾನೆ, ಹತ್ತು ಹೆಜ್ಜೆ ನಡೆಯಿಸಿ ಕಾಣುತ್ತಾನೆ. ಇಷ್ಟಾದ ಮೇಲೆಯೂ ಮನೆಯ ಹಿರಿಯರನ್ನು ಕೇಳದೆ ಹಗ್ಗ ಹಿಡಿಯುವುದಿಲ್ಲ. ಅದೇ ರೈತನು ಎತ್ತಿನ ಬೆಲೆಯ ಎಷ್ಟೋ ಪಟ್ಟು ಹಣವನ್ನು ಕೊಟ್ಟು ಕಾರನ್ನು ತರುವಾಗ ಅದರ ಬಣ್ಣವನ್ನೂ ಒಳಗಿನ ಹಾಡಿನ ಪೆಟ್ಟಿಗೆಯನ್ನೂ ನೋಡಿ ಒಪ್ಪಿಬಿಡುತ್ತಾನೆ. ಎತ್ತು ಕೆಟ್ಟದ್ದಾದರೆ ಒಂದು ವರ್ಷದ ಬೇಸಾಯ ಹೋದೀತು. ಕಾರು ಕೆಟ್ಟದ್ದಾದರೆ ಹೋಗುವುದು ಅದರಲ್ಲಿ ಕುಳಿತವರ ಪ್ರಾಣ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಮೋಟಾರು ಮನೆಗೆ ಬಂದಂದಿನಿಂದ ನಮ್ಮ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ಗೃಹಸ್ಥರ ಮುಂದಿಡಬೇಕೆಂದು ಮನಸ್ಸಾಗಿದೆ.

ನಮ್ಮ ಬಳಗಾನೂರಿನ ಕಡೆಗೆ ಮೋಟಾರು ಹಳೆಯ ವಸ್ತುವಲ್ಲ. ರಾಯಚೂರು ಜಿಲ್ಲೆಯು ನಿಜಾಮರ ರಾಜ್ಯದಲ್ಲಿದ್ದಾಗ, ಅಲ್ಲಿಯ ರೈಲ್ವೆಯವರು 1932ರಲ್ಲಿ ಕೇವಲ 27 ಬಸ್ಸುಗಳಿಂದ ಇಡೀ ಸಂಸ್ಥಾನದ ರಸ್ತೆ ಸಾರಿಗೆಯನ್ನು ಆರಂಭಿಸಿದರು. ಅಂದಿನ ಎರೆಹೊಲದ ದಾರಿಗಳಲ್ಲಿ ಮಳೆಗಾಲ ಬಂತೆಂದರೆ ಎತ್ತಿನ ಬಂಡಿಯೂ ಗುಂಭದವರೆಗೆ ಹೂತುಹೋಗುತ್ತಿದ್ದಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದುದರಿಂದ ಜೋಳ ಬೆಳೆಯುತ್ತಿದ್ದ ಭೂಮಿಯಲ್ಲಿ ಕ್ರಮೇಣ ಭತ್ತ ಬಂತು. ಭತ್ತದ ಹಿಂದೆ ಅಕ್ಕಿಯ ಗಿರಣಿಗಳು ಬಂದವು. ಗಿರಣಿಗಳ ಹಿಂದೆ ಟ್ರ್ಯಾಕ್ಟರು, ಲಾರಿಗಳು ಬಂದವು. ಕಟ್ಟಕಡೆಗೆ ಕಾರು ಬಂದಿತು. ಈಗ ಸಿಂಧನೂರಿನ ಪೇಟೆಗೆ, ಮಸ್ಕಿಯ ಜಾತ್ರೆಗೆ, ಲಿಂಗಸುಗೂರಿನ ಕಚೇರಿಗೆ, ರೋಗಿಯನ್ನು ರಾಯಚೂರಿನ ಆಸ್ಪತ್ರೆಗೆ ಒಯ್ಯುವುದಕ್ಕೆ ಕಾರು ಬೇಕೆನ್ನುವುದು ಅನೇಕ ಮನೆಗಳಲ್ಲಿ ಬೆಡಗಿನ ಮಾತಾಗಿ ಉಳಿದಿಲ್ಲ.

ಎರಡು ಬೆಳೆ ಕೈಗೆ ಹತ್ತಿದ ಮೇಲೆ ನಾವೂ ಒಂದು ಕಾರನ್ನು ಕೊಳ್ಳುವುದೆಂದು ನಿಶ್ಚಯಿಸಿದೆವು. ಹೊಸದಕ್ಕೆ ನಮ್ಮ ಕೈ ನಿಲುಕದುದರಿಂದ ಒಬ್ಬರು ಓಡಿಸಿದ್ದನ್ನೇ ಹುಡುಕಬೇಕಾಯಿತು. ಸಿಂಧನೂರಿನಲ್ಲಿ ಬಹು ವರ್ಷ ಗಾಡಿಗಳನ್ನು ಬಿಚ್ಚಿ ಕಟ್ಟಿದ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆವು. ಅವರು ಹೇಳಿದ ಮೊದಲನೆಯ ಮಾತು ಇಂದಿಗೂ ನೆನಪಿದೆ: “ಮ್ಯಾಲಿನ ಬಣ್ಣ ನೋಡಬ್ಯಾಡ್ರಿ, ಬಗ್ಗಿ ತಳ ನೋಡ್ರಿ.” ಕೆಸರಿನಲ್ಲಿ ಓಡಿದ ಗಾಡಿಯ ತಳಕ್ಕೆ ತುಕ್ಕು ಹಿಡಿದಿರುತ್ತದೆ, ಒಮ್ಮೆ ಡಿಕ್ಕಿ ಹೊಡೆದದ್ದಾದರೆ ಬೆಸೆದ ಗುರುತು ಅಲ್ಲಿ ಕಾಣುತ್ತದೆ. ಇಂಜಿನನ್ನು ಮಾರುವವರು ಮೊದಲೇ ಬಿಸಿಮಾಡಿ ಇಟ್ಟಿರದಂತೆ, ಬೆಳಗಿನ ತಂಪಿನಲ್ಲಿ ನಮ್ಮೆದುರಿಗೇ ಹೂಡಿಸಿ ನೋಡಬೇಕು.

ಮೊದಲು ನೋಡಿದ ಗಾಡಿಯ ಟೈರುಗಳು ಕಣ್ಣಿಗೆ ಹೊಸವಾಗಿಯೇ ಇದ್ದವು. ಮಿಸ್ತ್ರಿಯವರು ಅವುಗಳ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕೆಗಳನ್ನು ಬೆರಳಿಟ್ಟು ತೋರಿಸಿದರು. ಮೊದಲಿನ ಎರಡು ಅಂಕೆಗಳು ಟೈರು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. 2314 ಎಂದಿದ್ದರೆ 2014ನೆಯ ವರ್ಷದ 23ನೆಯ ವಾರವೆಂದರ್ಥ. ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ನಮ್ಮ ಬಿಸಿಲಿನಲ್ಲಿ ಇಂತಹ ಟೈರು, ಅದರಲ್ಲಿಯೂ ಗಾಳಿ ಕಡಿಮೆಯಾದದ್ದು, ಬಾಗಿ ಬಳುಕಿ ಒಳಗೊಳಗೇ ಕಾದು ಸಿಡಿಯುವ ಭಯವುಂಟು. ಆ ಗಾಡಿಯನ್ನು ಬಿಟ್ಟೆವು. ಮೂರನೆಯದು ಮನಸ್ಸಿಗೆ ಬಂದಿತು, ಅದನ್ನೇ ತಂದೆವು. ದಸರೆಯ ಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣಿಡುವ ಸಂಪ್ರದಾಯವನ್ನು ನಾವೂ ಬಿಟ್ಟಿಲ್ಲ. ಆದರೆ ಹದಿನೈದು ದಿವಸಕ್ಕೊಮ್ಮೆ ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆಯಿಸುವುದೂ, ಹಲ್ಲು 1.6 ಮಿಲಿಮೀಟರಿಗಿಂತ ಸವೆಯುವ ಮೊದಲೇ ಟೈರನ್ನು ಬದಲಾಯಿಸುವುದೂ ಅದೇ ಪೂಜೆಯ ಅಂಗಗಳೆಂದು ತಿಳಿದಿದ್ದೇವೆ.

ಕಾಗದಪತ್ರಗಳ ವಿಷಯದಲ್ಲಿ ಒಂದು ಮಾತು. ಹಣ ಕೊಟ್ಟು ಬೀಗದ ಕೈಯನ್ನು ಈಸಿಕೊಂಡ ಮಾತ್ರಕ್ಕೆ ಗಾಡಿ ನಮ್ಮದಾಗುವುದಿಲ್ಲ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿವಸಗಳೊಳಗಾಗಿಯೂ ಕೊಂಡವರು 30 ದಿವಸಗಳೊಳಗಾಗಿಯೂ ಸಾರಿಗೆ ಕಚೇರಿಗೆ ತಿಳಿಸಿ ಹೆಸರನ್ನು ವರ್ಗಾಯಿಸಿಕೊಳ್ಳಬೇಕೆಂದು 1988ರ ಮೋಟಾರು ವಾಹನಗಳ ಕಾಯಿದೆಯು ವಿಧಿಸುತ್ತದೆ. ಹಳೆಯ ಸಾಲವಿದ್ದರೆ ಬ್ಯಾಂಕಿನ ಋಣಮುಕ್ತಿ ಪತ್ರ ಬೇಕು. ವಿಮೆಯೂ ನಮ್ಮ ಹೆಸರಿಗೆ ಬರಬೇಕು. ನೆಂಟಸ್ತಿಕೆಯ ಮೇಲೆ ಗಾಡಿ ಕೊಂಡು “ಮುಂದ ನೋಡೋಣಂತ” ಎಂದು ಬಿಟ್ಟವರ ಮನೆಯಲ್ಲಿ, ಅಪಘಾತವಾದಾಗ ಗಾಡಿ ಯಾರದೆಂಬ ಜಗಳವೇ ಮೊದಲಾಗಿ, ಗಾಯಪಟ್ಟವನ ಪಾಡು ಹಿಂದೆ ಬಿದ್ದುದನ್ನು ನಾವು ಕಂಡಿದ್ದೇವೆ.

ಗಾಡಿ ಅಂಗಳದಲ್ಲಿ ನಿಂತ ಮೇಲೆ ಹೊಳೆದ ಸಂಗತಿಯೊಂದುಂಟು. ಸಂತೆಯಿಂದ ಮರಳುವ ಬಂಡಿಯಲ್ಲಿ ಯಜಮಾನನು ನಿದ್ದೆಹೋದರೂ ಎತ್ತುಗಳು ದಾರಿ ತಪ್ಪದೆ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದುವು. ಹಳ್ಳದಲ್ಲಿ ನೀರು ಬಂದಿದ್ದರೆ ಅವು ಹೆಜ್ಜೆ ಕೀಳುತ್ತಿರಲಿಲ್ಲ. ಎದುರಿಗೆ ಕೂಸು ಬಂದರೆ ತಾವಾಗಿಯೇ ತಡೆಯುತ್ತಿದ್ದುವು. ನಾವು ಕೊಂಡ ಕಾರಿಗೆ ಅಂತಹ ಬುದ್ಧಿಯಿಲ್ಲ. ನಡೆಸುವವನು ಅರೆಗಳಿಗೆ ಕಣ್ಣು ಮುಚ್ಚಿದರೆ ಅದು ಕಾಲುವೆಗೂ ಇಳಿಯುತ್ತದೆ, ಮರಕ್ಕೂ ಹಾಯುತ್ತದೆ. ಎತ್ತಿನಲ್ಲಿದ್ದ ಆ ವಿವೇಕವನ್ನು ಇನ್ನು ಮನೆಯವರೇ ಕೂಡಿ ಒದಗಿಸಬೇಕು. ಇದು ಚಾಲಕನೊಬ್ಬನ ಹೊಣೆಯಲ್ಲ. ಹಿಂದೆ ಕುಳಿತ ಅಜ್ಜಿಯದೂ, ಪಕ್ಕದಲ್ಲಿ ಕುಳಿತ ಸೊಸೆಯದೂ ಹೌದು.

ಪಟ್ಟಿಯ ವಿಷಯವನ್ನೇ ನೋಡೋಣ. ಎದೆಯ ಮೇಲೂ ಸೊಂಟದ ಮೇಲೂ ಹಾಯುವ ಈಗಿನ ಸೀಟಿನ ಪಟ್ಟಿಯನ್ನು 1959ರಲ್ಲಿ ಸ್ವೀಡನ್ ದೇಶದ ವೋಲ್ವೋ ಕಾರ್ಖಾನೆಯ ಇಂಜಿನಿಯರು ನಿಲ್ಸ್ ಬೋಹ್ಲಿನ್ ಎಂಬವರು ರೂಪಿಸಿದರು. ಕಾರ್ಖಾನೆಯವರು ಅದರ ಹಕ್ಕನ್ನು ತಮ್ಮಲ್ಲೇ ಕಟ್ಟಿಡದೆ ಉಳಿದವರೂ ಬಳಸುವಂತೆ ಬಿಟ್ಟುಕೊಟ್ಟರು. ನಮ್ಮಲ್ಲಿ ಮುಂದೆ ಕುಳಿತವರು ದಂಡದ ಭಯದಿಂದಾದರೂ ಅದನ್ನು ಕಟ್ಟಿಕೊಳ್ಳುತ್ತಾರೆ. ಹಿಂದಿನವರಿಗೆ ಅದು ಬೇಡದ ಬಳ್ಳಿ. ಆದರೆ ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ಪಟ್ಟಿ ಕಟ್ಟಿಕೊಳ್ಳದೆ ಈ ದೇಶದಲ್ಲಿ ಮಡಿದವರು 16,715 ಜನ. ಅವರಲ್ಲಿ ಚಾಲಕರು 8,384, ಉಳಿದ 8,331 ಜನರು ಸುಮ್ಮನೆ ಕುಳಿತು ಬಂದವರು. ಗಾಡಿ ತಟ್ಟನೆ ನಿಂತರೂ ಅದರೊಳಗಿನ ಮೈ ಅದೇ ವೇಗದಿಂದ ಮುಂದಕ್ಕೆ ಹಾರುತ್ತದೆ; ಹಿಂದಿನವನು ತಾನೂ ಸಾಯುತ್ತಾನೆ, ಮುಂದಿನವನ ಬೆನ್ನನ್ನೂ ಮುರಿಯುತ್ತಾನೆ. ಗಾಳಿಚೀಲವಿದೆಯೆಂದು ನೆಚ್ಚುವುದೂ ಸಲ್ಲದು. ಪಟ್ಟಿಯು ಮೈಯನ್ನು ಹಿಡಿದು ನಿಲ್ಲಿಸಿದಾಗಲೇ ಆ ಚೀಲ ಒದಗಿ ಬರುವುದು.

ನಮ್ಮ ಮನೆಯ ಅವ್ವ ಮೊದಮೊದಲು ಇದಕ್ಕೆ ಒಪ್ಪಲಿಲ್ಲ. “ನನ್ನೇನು ಆಕಳಂಗ ಕಟ್ಟಿ ಒಯ್ತೀರೇನ್ರಪಾ?” ಎಂದರು. ಸೊಸೆ ಮೆಲ್ಲನೆ, “ಅತ್ತೀ, ತುಂಬಿದ ಕೊಡಾನ ಬಂಡ್ಯಾಗ ಕಟ್ಟದ ಒಯ್ತಿದ್ರೇನ್ರಿ ನೀವು?” ಎಂದು ಕೇಳಿದಳು. ಅವ್ವ ಮಾತಾಡದೆ ಕೈ ಎತ್ತಿ ಪಟ್ಟಿಗೆ ಎಡೆಮಾಡಿಕೊಟ್ಟರು. ಈಗ ಗಾಡಿ ಹೊರಡುವ ಮೊದಲು “ಎಲ್ಲಾರೂ ಕಟ್ಟಿಕೊಂಡ್ರ್ಯಾ?” ಎಂದು ಕೇಳುವವರು ಅವರೇ, ಉತ್ತರ ಬರುವವರೆಗೆ ಗಾಡಿ ಕದಲುವುದಿಲ್ಲ. ಕೂಸುಗಳನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿಯೂ ಅಂದಿಗೇ ನಿಂತಿತು. 14 ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸಬೇಕೆಂದು 2019ರ ತಿದ್ದುಪಡಿಯು ಕಟ್ಟುಮಾಡಿದೆ. 18 ತುಂಬದ ಮಗನ ಕೈಗೆ ಗಾಡಿ ಕೊಟ್ಟು ಅವನಿಂದ ಅಪರಾಧ ನಡೆದರೆ ಪಾಲಕನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವನ್ನೂ ಅದೇ ವಿಧಿಸಿದೆ.

2025ರ ಜನವರಿ 21ರ ರಾತ್ರಿ ನಮ್ಮ ಸೀಮೆಯವರು ಮರೆಯುವಂತಹುದಲ್ಲ. ಮಂತ್ರಾಲಯದ ವೇದಪಾಠಶಾಲೆಯ ವಿದ್ಯಾರ್ಥಿಗಳು ನರಹರಿತೀರ್ಥರ ಆರಾಧನೆಗೆಂದು ಹಂಪಿಯ ಕಡೆಗೆ ಹೊರಟಿದ್ದ ವಾಹನವು ಸಿಂಧನೂರಿನ ಬಳಿ ಮಗುಚಿ, ಮೂವರು ವಿದ್ಯಾರ್ಥಿಗಳೂ ಚಾಲಕನೂ ತೀರಿಕೊಂಡರು. ಆ ರಾತ್ರಿ ಕಳೆದು ಬೆಳಗಾಗುವುದರೊಳಗೆ, ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರದ ಬಳಿ ಕಂದರಕ್ಕೆ ಉರುಳಿ ಹತ್ತು ಜನ ವ್ಯಾಪಾರಿಗಳು ಮಡಿದರು. ಒಂದು ದೇವರ ಕಾರ್ಯದ ಪಯಣ, ಇನ್ನೊಂದು ಹೊಟ್ಟೆಪಾಡಿನದು; ರಸ್ತೆಯು ಎರಡನ್ನೂ ಬೇರೆಯೆಂದು ಎಣಿಸಲಿಲ್ಲ. ಕಾರಣಗಳನ್ನು ವಿಚಾರಿಸುವುದು ಅಧಿಕಾರಿಗಳ ಕೆಲಸ. ನಮ್ಮ ಮನೆಯಲ್ಲಿ ಆದದ್ದು ಇಷ್ಟು: ಊಟದ ವೇಳೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ, ದೂರದ ಪ್ರಯಾಣವನ್ನು ರಾತ್ರಿ ಹೊರಡಿಸಬಾರದು, ಬೆಳಗಿನ ಜಾವವೇ ಸಾಕು, ತಡವಾದರೆ ಆದ ಊರಿನಲ್ಲಿ ಇಳಿದುಕೊಳ್ಳಬೇಕು ಎಂದು ನಿಶ್ಚಯವಾಯಿತು.

ರಾತ್ರಿಯ ಗಣಿತವು ಸುಲಭವಾದದ್ದು, ಮಕ್ಕಳಿಗೂ ತಿಳಿಯುತ್ತದೆ. ಗಂಟೆಗೆ 80 ಕಿಲೋಮೀಟರು ವೇಗವೆಂದರೆ ಕ್ಷಣವೊಂದಕ್ಕೆ 22 ಮೀಟರು. ಎದುರಿಗೆ ಏನೋ ಇದೆಯೆಂದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ ಅಷ್ಟು ದೂರ ಕಳೆಯುತ್ತದೆ. ಬ್ರೇಕು ಹಿಡಿದ ಮೇಲೆ ಒಣರಸ್ತೆಯಲ್ಲಿಯೂ ಇನ್ನು 35 ಮೀಟರಾದರೂ ಬೇಕು. ತಗ್ಗಿಸಿದ ದೀಪದ ಬೆಳಕು ಚೆನ್ನಾಗಿ ಬೀಳುವುದು ಸುಮಾರು 50 ಮೀಟರಿನವರೆಗೆ. ಕಂಡ ಮೇಲೆ ನಿಲ್ಲಿಸಲು ಆಗುವುದಿಲ್ಲವೆಂದಾಯಿತು. ವೇಗವು ಅರ್ಧವಾದರೆ ಬ್ರೇಕಿನ ದೂರವು ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದಲೇ ಕತ್ತಲೆಯಲ್ಲಿ 40ನ್ನು ಮೀರಬಾರದೆಂದು ನಮ್ಮಲ್ಲಿ ಕಟ್ಟಪ್ಪಣೆಯಾಗಿದೆ.

ಈ ಅಪ್ಪಣೆಯ ಬೆಲೆ ಸುಗ್ಗಿಯ ಕಾಲದಲ್ಲಿ ತಿಳಿಯಿತು. ಭತ್ತದ ಕಟಾವು ನಡೆಯುತ್ತಿದ್ದ ಕಾರ್ತಿಕದ ಒಂದು ಸಂಜೆ, ಮಗನು ಗಾಡಿ ನಡೆಸುತ್ತಿದ್ದಾಗ, ಕಪ್ಪು ಗೋಡೆಯೊಂದು ರಸ್ತೆಯಲ್ಲಿ ಎದ್ದು ನಿಂತಂತೆ ಕಂಡಿತು. ಅದು ಭತ್ತ ತುಂಬಿದ ಟ್ರ್ಯಾಕ್ಟರಿನ ಟ್ರಾಲಿ. ಹಿಂದೆ ದೀಪವಿಲ್ಲ, ಕೆಂಪು ಬಿಲ್ಲೆಯಿಲ್ಲ, ಒಂದು ಬಟ್ಟೆಯ ಚೂರೂ ಇಲ್ಲ. ನಾವು ನಿಧಾನವಾಗಿದ್ದುದರಿಂದ ಹತ್ತು ಮಾರು ಈಚೆಗೇ ನಿಂತೆವು. ಇಳಿದು ನೋಡಿದರೆ ಟ್ರಾಲಿಯು ನಮ್ಮ ಓಣಿಯವರದೇ! ಅದರ ಯಜಮಾನರು ಸ್ವತಃ ಕಾರುಳ್ಳವರು. ದೀಪವಿಲ್ಲದ ಗಾಡಿಗಳನ್ನು ಬೈಯುವುದರಲ್ಲಿ ಊರಿಗೇ ಮೊದಲಿಗರು.

“ಕಾಕಾ, ಹಿಂದ ದೀಪಾ ಇಲ್ಲಲ್ರಿ?” ಎಂದು ಮಗನು ಕೇಳಿದನು.

“ಕೆಟ್ಟೈತೋ ತಮ್ಮಾ. ನಾಳಿ ಹಾಕಿಸ್ತೀನಿ. ಇಲ್ಲೇ ಊರ ಮುಂದಲ್ಲ!”

ಚೀಲಗಳ ಮೇಲೆ ಕುಳಿತಿದ್ದ ಅವರ ವೃದ್ಧ ತಂದೆ ಅಲ್ಲಿಂದಲೇ ನುಡಿದರು: “ನಮ್ಮಪ್ಪ ಬಂಡಿ ಹೂಡೂ ಮುಂದ ಎತ್ತು ನೋಡೂದಕ್ಕಿಂತ ಮೊದಲ ಕಂದೀಲು ನೋಡ್ತಿದ್ದ. ಬಂಡಿ ಕೆಳಗ ಕಂದೀಲು ತೂಗಾಡಲಿಲ್ಲಂದ್ರ ಊರು ಬಿಡ್ತಿದ್ದಿಲ್ಲ.”

ಯಾರೂ ಉತ್ತರ ಕೊಡಲಿಲ್ಲ. ಆ ಮಾತು ನಮ್ಮ ಮನಸ್ಸಿನಲ್ಲಿ ಬಹುದಿವಸ ಉಳಿಯಿತು. ಬಂಡಿಯ ಕೆಳಗೆ ಕಟ್ಟಿದ ಕಂದೀಲಿನಿಂದ ಬಂಡಿಯವನಿಗೆ ದಾರಿ ಅಷ್ಟಾಗಿ ಕಾಣುತ್ತಿರಲಿಲ್ಲ. ದಾರಿ ಎತ್ತುಗಳಿಗೆ ಗೊತ್ತಿತ್ತು. ಆ ದೀಪವಿದ್ದುದು ಬೇರೆಯವರಿಗೆ ಈ ಬಂಡಿ ಕಾಣಲಿ ಎಂಬುದಕ್ಕೆ. ನಾವು ಕಾಣುವುದಕ್ಕಾಗಿ ಒಂದು ದೀಪ, ಪರರಿಗೆ ಕಾಣಿಸಿಕೊಳ್ಳುವುದಕ್ಕಾಗಿ ಇನ್ನೊಂದು. ಮೊದಲನೆಯದನ್ನು ಕಾರಿನೊಡನೆ ಕೊಂಡುಕೊಳ್ಳುತ್ತೇವೆ; ಎರಡನೆಯದನ್ನು ನಾವೇ ನೆನಪಿಟ್ಟು ಹಚ್ಚಬೇಕು. ಎದುರಿನವನ ಕಣ್ಣು ಕುಕ್ಕದಂತೆ ದೀಪವನ್ನು ತಗ್ಗಿಸುವುದು, ತಿರುಗುವ ಮೊದಲು ಸೂಚನೆ ಕೊಡುವುದು, ಕೆಟ್ಟು ನಿಂತ ಗಾಡಿಯ ಹಿಂದೆ ಕೆಂಪು ತ್ರಿಕೋನವನ್ನಿಡುವುದು, ಇವೆಲ್ಲ ಅದೇ ಕಂದೀಲಿನ ಜಾತಿಗೆ ಸೇರಿದವು.

ನಮ್ಮ ಸೀಮೆಯಲ್ಲಿ ಕಾರಿನವರು ಬೇರೆ, ಟ್ರಾಲಿಯವರು ಬೇರೆ ಎಂಬ ಭೇದವಿಲ್ಲ. ಮುಂಜಾನೆ ಭತ್ತವನ್ನು ಡಾಂಬರಿನ ಮೇಲೆ ಒಣಹಾಕುವ ಮನೆಯೇ ಸಂಜೆಗೆ ಕಾರಿನಲ್ಲಿ ಅದೇ ರಸ್ತೆಗೆ ಬರುತ್ತದೆ. ಹರಡಿದ ಕಾಳಿನ ಮೇಲೆ ಚಕ್ರಕ್ಕೆ ಹಿಡಿತವಿಲ್ಲ; ಒಕ್ಕಲೆಂದು ಹಾಸಿದ ಒಣಹುಲ್ಲು ಗಾಡಿಯ ತಳದ ಕಾದ ಭಾಗಗಳಿಗೆ ಸುತ್ತಿಕೊಂಡರೆ ಬೆಂಕಿ ಹತ್ತುವುದೂ ಉಂಟು; ಕಾಳಿನ ಕಾವಲಿಗೆಂದು ಅಂಚಿನಲ್ಲಿಟ್ಟ ಕಲ್ಲು ಕತ್ತಲೆಯಲ್ಲಿ ಬೈಸಿಕಲ್ಲಿನವನ ಮೃತ್ಯುವಾಗುತ್ತದೆ. ನಮ್ಮ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರಿದೆಯಷ್ಟೆ. ಆ ಅರಸನು ತನ್ನ ಬೇರೆ ಶಾಸನಗಳಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿ ಬಾವಿ ತೋಡಿಸಿದುದನ್ನು, ಅದು ಪಶುಗಳಿಗೂ ಮನುಷ್ಯರಿಗೂ ಎಂದು ಹೇಳಿಸಿದ್ದಾನೆ. ಮರ ನೆಡಿಸುವ ಶಕ್ತಿ ನಮಗಿಲ್ಲದಿರಬಹುದು. ಕಲ್ಲನ್ನು ಎತ್ತಿಡುವ ಶಕ್ತಿಯಂತೂ ಉಂಟು. ಭತ್ತವನ್ನು ಅಂಗಳದಲ್ಲಿಯೋ ಹೊಲದ ಕಣದಲ್ಲಿಯೋ ತಾಡಪತ್ರಿ ಹಾಸಿ ಒಣಗಿಸುವುದು ತುಸು ಶ್ರಮದ ಕೆಲಸವಾದರೂ ಅಸಾಧ್ಯವಲ್ಲ.

ಇಷ್ಟೆಲ್ಲ ಎಚ್ಚರವಿದ್ದರೂ ಅಪಘಾತವು ಕಣ್ಣೆದುರು ಆದರೆ ನಿಲ್ಲಬೇಕು, 108ಕ್ಕೆ ಕರೆಕೊಡಬೇಕು. ಗಾಯಗೊಂಡವನಿಗೆ ಸದ್ಬುದ್ಧಿಯಿಂದ ನೆರವಾದವನನ್ನು ಕಾನೂನು ಪೀಡಿಸದಂತೆ 2019ರ ತಿದ್ದುಪಡಿಯಲ್ಲಿಯೇ ರಕ್ಷಣೆ ಕೊಟ್ಟಿದ್ದಾರೆ. ‘ಪೋಲೀಸರ ಗೊಡವೆ ಯಾಕೆ’ ಎಂದು ಗಾಡಿಯನ್ನು ಮುಂದೊತ್ತುವುದಕ್ಕೆ ಈಗ ನೆಪವಿಲ್ಲ.

ಆ ಸಂಜೆಯ ಮಾತಿಗೆ ಒಂದು ಫಲವಾಯಿತು. ಎಂಟು ದಿವಸಗಳಾದ ಮೇಲೆ ಆ ಕಾಕಾ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯ ಸುರುಳಿಯೊಂದನ್ನು ಸಿಂಧನೂರಿನಿಂದ ತಂದು ಟ್ರಾಲಿಯ ಹಿಂದೆ ಅಂಟಿಸಿದರು. ಕೆಟ್ಟ ದೀಪವನ್ನೂ ಹಾಕಿಸಿದರು. ಸುರುಳಿಯಲ್ಲಿ ಉಳಿದದ್ದನ್ನು ಓಣಿಯ ಇನ್ನೆರಡು ಟ್ರಾಲಿಗಳಿಗೂ ಒಂದು ಎತ್ತಿನ ಬಂಡಿಗೂ ಹಂಚಿದರು. ಕತ್ತಲಾದ ಮೇಲೆ ನಮ್ಮ ಮಗನನ್ನು ಕರೆದು, ಕಾರನ್ನು ಊರ ಹೊರಗಿನಿಂದ ನಡೆಸಿಕೊಂಡು ಬಂದು ಎಷ್ಟು ದೂರದಿಂದ ಕಾಣುತ್ತದೆಂದು ಹೇಳೆಂದರು. ಅವನು ಅಗಸಿಯ ಆಚೆಯಿಂದಲೇ ಕಂಡಿತೆಂದನು. ವೃದ್ಧರು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. “ಅಷ್ಟಾದ್ರ ಸಾಕು” ಎಂದು ಹೇಳಿ ಎದ್ದು ಊಟಕ್ಕೆ ಹೋದರು.