ಕಳಂಬೋಲಿಯಲ್ಲೊಂದು ಹಾಸಿಗೆ

ಪುಣೆ ಕಡೆ ಹೊರಟವರಿಗೆ ಕಳಂಬೋಲಿ ಎಂದರೆ ಎಕ್ಸ್‌ಪ್ರೆಸ್‌ವೇ ಶುರುವಾಗುವ ಜಾಗ, ಅಷ್ಟೇ. ಅಕ್ಕನ ಮಗನಿಗೆ ರೂಮು ಹುಡುಕುತ್ತ ಇಲ್ಲಿನ ಸಿಡ್ಕೋ ಕಟ್ಟಡಗಳ ನಡುವೆ ಒಂದು ಇಡೀ ಭಾನುವಾರ ಅಲೆದೆ. ಕಾಲೇಜಿನ ಹಾಸ್ಟೆಲ್ ತುಂಬಿತ್ತು. ಡಿಪಾಸಿಟ್, ಮೇಲೆ ಬ್ರೋಕರನ ಕೈಗೊಂದು ತಿಂಗಳ ಬಾಡಿಗೆ.

“ಮಾಮ, ಸಂಜೆ ಎಲ್ಲಾದ್ರೂ ಕೆಲಸ ಮಾಡಿ ಬಾಡಿಗೆ ನಾನೇ ಕಟ್ತೀನಿ” ಎಂದ.

ಮುಂಬಯಿಗೆ ಬಂದ ನಮ್ಮ ಕರಾವಳಿಯ ಹುಡುಗರು ನೆನಪಾದರು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿಶಾಲೆಯಂಥ ಕಡೆ ಓದಿದವರು. ಊಟ, ಹಾಸಿಗೆ ಹೋಟೆಲಿನಲ್ಲೇ. ಈಗ ಕೆಲಸ ಸಿಕ್ಕೀತು, ಹಾಸಿಗೆ ಅದರ ಜೊತೆ ಬರುವುದಿಲ್ಲ.

ಕೊನೆಗೆ ಸೀನಿಯರ್‌ಗಳ ಫ್ಲಾಟಿನಲ್ಲಿ ನಾಲ್ಕನೆಯವನಾಗಿ ಸೇರಿಕೊಂಡ. ರಾತ್ರಿ ಸ್ಟೀಲ್ ಮಾರ್ಕೆಟ್ಟಿನ ಟ್ರಕ್ಕುಗಳ ಸದ್ದಂತೆ. ಕೆಲಸದ ವಿಷಯ ಅಕ್ಕನಿಗೆ ಇನ್ನೂ ಹೇಳಿಲ್ಲ.