ಬಾವಿಯ ಮೇಲಿನ ಮಗ್ಗ

ಕಾಡುಹಕ್ಕಿಯ ಗೂಡಿನೆದುರು ಕ್ಯಾಮೆರಾ ನಿಲ್ಲಿಸಿ, ಅದಕ್ಕೆ ಕಂಡದ್ದನ್ನು ಕಂಡ ಹಾಗೆಯೇ ಅಂತರ್ಜಾಲದ ಮೂಲಕ ದಿನವಿಡೀ ಬಿತ್ತರಿಸುವ ಹವ್ಯಾಸವು ಛಾಯಾಗ್ರಹಣದ ಒಡಹುಟ್ಟಿನಂತೆ ತೋರಿದರೂ ಇವೆರಡರ ಸ್ವಭಾವ ಬೇರೆಬೇರೆ. ಛಾಯಾಗ್ರಾಹಕನ ಕೈಚಳಕ ಹಕ್ಕಿ ಬಂದ ಮೇಲೆ ಶುರುವಾಗುತ್ತದೆ. ನೇರಪ್ರಸಾರ ಮಾಡುವವನ ಕೈಚಳಕವೆಲ್ಲ ಹಕ್ಕಿ ಬರುವ ಮೊದಲೇ ಮುಗಿದಿರಬೇಕು. ಈ ಹವ್ಯಾಸವು ಲೋಕದ ಗಮನ ಸೆಳೆದದ್ದು 2011ರಲ್ಲಿ ಅಮೆರಿಕದ ಡೆಕೋರಾ ಊರಿನ ಬಿಳಿತಲೆಯ ಹದ್ದುಗಳ ಗೂಡಿನಿಂದ, ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯದ ಮೈದಾನದ ದೀಪಸ್ತಂಭದಲ್ಲಿ ಸಂಸಾರ ಹೂಡಿದ್ದ ಕೆಂಬಾಲದ ಗಿಡುಗಗಳಿಂದ. ಅವೆರಡೂ ಬುಟ್ಟಿಯಂತೆ ಬಾಯ್ದೆರೆದ ದೊಡ್ಡ ಗೂಡುಗಳಾದ್ದರಿಂದ, ಮೇಲಿನಿಂದ ಇಣುಕಿದರೆ ಮೊಟ್ಟೆ, ಮರಿ, ತುತ್ತು ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತಿದ್ದವು. ಕೃಷ್ಣೆ ಮತ್ತು ಘಟಪ್ರಭೆಯರ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಇಂಥ ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಒಪ್ಪುವ ಹಕ್ಕಿಯೆಂದರೆ ಗೀಜಗ. ಅದರ ಗೂಡೋ ಒಳಗನ್ನು ಯಾರಿಗೂ ತೋರದ ಚೀಲ.

ಹಾಗಿದ್ದೂ ಗೀಜಗವೇ ಏಕೆ ಎಂಬುದಕ್ಕೆ ಕಾರಣಗಳಿವೆ. ಹೊಲದ ಹೆಂಟೆಗಳ ನಡುವೆ ಮೊಟ್ಟೆಯಿಡುವ ಟಿಟ್ಟಿಭದ ಎದುರು ಒಂದು ಗೂಟ ನೆಟ್ಟರೂ ಸಾಕು, ಕಾಗೆಗೂ ನಾಯಿಗೂ ಅದೇ ಗುರುತುಗಲ್ಲಾಗುತ್ತದೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಧಾಮದ ಕುರುಚಲು ಗುಡ್ಡಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ತಂತಿಯನ್ನೂ ಎಳೆಯಲಾಗದು, ಎಳೆಯಲೂ ಬಾರದು. ಗೀಜಗವಾದರೋ ಊರಿನ ಹಕ್ಕಿ. ತೆರೆದ ಬಾವಿಯ ಮೇಲೆ ಬಾಗಿದ ಜಾಲಿಯ ಮುಳ್ಳುಕೊಂಬೆಗೋ ಈಚಲ ಗರಿಗೋ ಇಪ್ಪತ್ತು ಮೂವತ್ತು ಗೂಡುಗಳನ್ನು ಒಟ್ಟಿಗೆ ತೂಗುಬಿಟ್ಟು, ಅದೇ ಮರಕ್ಕೆ ಮರುವರ್ಷವೂ ಮರಳುವ ರೂಢಿ ಅದಕ್ಕಿರುವುದರಿಂದ, ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದು ಹಕ್ಕಿ ಬರುವ ಮೊದಲೇ ತಿಳಿದಿರುತ್ತದೆ. ಕೊಂಬೆಯ ತುದಿಯಲ್ಲಿ ಉಳಿದ ಹಳೆಯ ನಾರಿನ ಗಂಟುಗಳೇ ಅದರ ವಿಳಾಸ.

ಈ ಸೀಮೆಯಲ್ಲಿ ಅದಕ್ಕೆ ಬೇಕಾದ ಸರಕೂ ಹೇರಳವಾಗಿದೆ. ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡ ನೆಲವಿದು. ನೀರು ನಿಂತೆಡೆಯಲ್ಲೆಲ್ಲ ಕಬ್ಬು ಎದ್ದಿತು. ಗಂಡು ಗೀಜಗವು ಹುಲ್ಲು ಇಲ್ಲವೇ ಕಬ್ಬಿನ ಹಸಿ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಸೀಳುಮಾಡಿ, ಆ ಸೀಳನ್ನು ಹಿಡಿದು ಹಾರಿಬಿಡುತ್ತದೆ. ಹಾರುವ ರಭಸಕ್ಕೆ ಉದ್ದನೆಯ ಎಳೆಯೊಂದು ತಾನಾಗಿ ಸುಲಿದು ಬರುತ್ತದೆ. ಒಣಗಿದ ಎಲೆಯಾದ ರವದಿಯನ್ನು ಅದು ಮುಟ್ಟುವುದಿಲ್ಲ, ಏಕೆಂದರೆ ಗಂಟು ಹಾಕುವಾಗ ಬಾಗುವ ಗುಣ ಹಸಿ ಎಳೆಗಿರುವಂತೆ ಒಣಗಿದ್ದಕ್ಕಿಲ್ಲ. ಒಂದು ಗೂಡಿಗೆ ಹೀಗೆ ನೂರಾರು ಸಲ ಹೋಗಿಬರಬೇಕು. ಗೀಜಗವನ್ನು ನೇಕಾರ ಹಕ್ಕಿಯೆಂದು ಕರೆಯುವುದು ರೂಢಿಯಾದರೂ, ಲಾಳಿಯ ಸದ್ದಿನಲ್ಲೇ ಹುಟ್ಟಿಬೆಳೆದ ಬನಹಟ್ಟಿಯ ನೇಕಾರನೊಬ್ಬ ಈ ಪ್ರಸಾರವನ್ನು ಪರದೆಯ ಮೇಲೆ ಐದು ನಿಮಿಷ ನೋಡಿದರೆ ತಕರಾರು ತೆಗೆದಾನು: ಇಲ್ಲಿ ಉದ್ದಕ್ಕೆ ಬಿಗಿದ ಹಾಸಿಲ್ಲ, ಅಡ್ಡಕ್ಕೆ ಹಾಯುವ ಹೊಕ್ಕಿಲ್ಲ, ಇರುವುದು ಕುಣಿಕೆ, ಗಂಟು, ಹೆಣಿಗೆ. ಅವನ ಮಾತು ಸರಿ.

ಗೂಡಿನ ಕೆಲಸ ಅರ್ಧಕ್ಕೆ ಬಂದಾಗ ಅದು ಬೋರಲು ಹಾಕಿದ ಟೊಪ್ಪಿಗೆಯಂತಿದ್ದು, ನಡುವೆ ಕೂರಲೊಂದು ಅಡ್ಡಪಟ್ಟಿಯಿರುತ್ತದೆ. ಪಕ್ಷಿಶಾಸ್ತ್ರಜ್ಞರು ಇದನ್ನು ಶಿರಸ್ತ್ರಾಣದ ಹಂತ ಎನ್ನುತ್ತಾರೆ. ಗಂಡು ಇಲ್ಲಿಗೆ ಕೆಲಸ ನಿಲ್ಲಿಸಿ, ರೆಕ್ಕೆ ಬಡಿಯುತ್ತ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಜಗ್ಗಿ ಎಳೆದು ನೋಡಿ ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆ ಮತ್ತು ಕೆಳಮುಖದ ಉದ್ದ ಕೊಳವೆ ಮುಗಿಯುತ್ತವೆ. ಒಪ್ಪದಿದ್ದರೆ ಟೊಪ್ಪಿಗೆ ಟೊಪ್ಪಿಗೆಯಾಗಿಯೇ ಒಣಗುತ್ತದೆ. ಒಪ್ಪಿಗೆ ಸಿಕ್ಕ ಗಂಡು ಅಲ್ಲಿಗೆ ತೃಪ್ತವಾಗದೆ ಪಕ್ಕದಲ್ಲೇ ಮತ್ತೊಂದು ಗೂಡು ಆರಂಭಿಸಿ ಮತ್ತೊಂದು ಹೆಣ್ಣಿಗೆ ಕಾಯುತ್ತದೆಂಬುದನ್ನು ಪಕ್ಷಿತಜ್ಞ ಸಲೀಂ ಅಲಿಯವರು 1930ರಲ್ಲಿ ಮುಂಬಯಿ ಬಳಿಯ ಕಿಹೀಮ್ ಎಂಬಲ್ಲಿ ದಿನಗಟ್ಟಲೆ ಮರೆಯಲ್ಲಿ ಕೂತು ನೋಡಿ ಕಂಡುಕೊಂಡರು. ಕ್ಯಾಮೆರಾ ಮಾಡುವುದು ಆ ಮರೆಯ ಕೆಲಸವನ್ನೇ, ಸೊಳ್ಳೆ ಕಚ್ಚುವುದಿಲ್ಲ ಎಂಬ ಒಂದು ಅನುಕೂಲದೊಡನೆ. ಗೂಡಿನ ಒಳಗು ಕಾಣದಿದ್ದರೂ ನಷ್ಟವಿಲ್ಲವೆನ್ನುವುದು ಇದಕ್ಕೇ: ಹದ್ದಿನ ಗೂಡಿನಲ್ಲಿ ನೋಡುವಂಥದ್ದು ಸಂಸಾರ, ಗೀಜಗದಲ್ಲಿ ನೋಡುವಂಥದ್ದು ಕಸುಬು.

ಕ್ಯಾಮೆರಾ ಕೂರಿಸುವ ಕೆಲಸ ಮೇ ತಿಂಗಳಲ್ಲಿ, ಅಂದರೆ ರೈತರು ಮಿರಗವೆನ್ನುವ ಮೃಗಶಿರ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಮರಕ್ಕೆ ಮೊಳೆ ಹೊಡೆಯದೆ, ಬಾವಿಯ ಆಚೆ ದಂಡೆಯಲ್ಲಿ ಕಬ್ಬಿಣದ ಕಂಬ ನೆಟ್ಟು, ದೂರದ್ದನ್ನು ಹತ್ತಿರಕ್ಕೆ ತರುವ ಮಸೂರವುಳ್ಳ ಕ್ಯಾಮೆರಾವನ್ನು ಅದಕ್ಕೆ ಬಿಗಿಯುವುದು ಲೇಸು. ದಿಕ್ಕಿನ ಲೆಕ್ಕ ಈ ಕಸುಬಿನ ಸ್ವಾರಸ್ಯದ ಭಾಗ. ನೈಋತ್ಯ ಮುಂಗಾರಿನ ಗಾಳಿ ನೇರ ಬಡಿಯದಿರಲೆಂದು ಗೀಜಗವು ಸಾಮಾನ್ಯವಾಗಿ ಮರದ ಮೂಡಣ ಮಗ್ಗುಲಲ್ಲಿ ಗೂಡು ತೂಗುತ್ತದೆ. ಕ್ಯಾಮೆರಾವನ್ನು ತೆಂಕಣ ದಂಡೆಯಲ್ಲಿಟ್ಟು ಬಡಗಕ್ಕೆ ಮುಖ ಮಾಡಿಸಿದರೆ ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಮಸೂರಕ್ಕೆ ಕುಕ್ಕುವುದಿಲ್ಲ, ಮಳೆಯ ಎರಚಲು ಅದರ ಬೆನ್ನಿಗೆ ಬೀಳುತ್ತದೆ. ಹಕ್ಕಿಯೂ ಮನುಷ್ಯನೂ ಒಂದೇ ಗಾಳಿಗೆ ಬೆನ್ನು ಕೊಟ್ಟು ಕೂತಂತಾಯಿತು. ಗೂಡುಗಳು ಸದಾ ತೂಗಾಡುವುದರಿಂದ, ಬಿಂಬವನ್ನು ತಾನೇ ಸ್ಪಷ್ಟಗೊಳಿಸಿಕೊಳ್ಳುವ ಆಟೋಫೋಕಸ್ ಸೌಲಭ್ಯವನ್ನು ಇಲ್ಲಿ ನಂಬಬಾರದು. ಅದು ಒಮ್ಮೆ ಗೂಡನ್ನು ಒಮ್ಮೆ ಹಿಂದಿನ ಕಬ್ಬನ್ನು ಹುಡುಕುತ್ತ ನೋಡುವವರಿಗೆ ತಲೆಸುತ್ತು ತರಿಸುತ್ತದೆ. ಕೈಯಿಂದ ಒಮ್ಮೆ ಹೊಂದಿಸಿ ಬಿಟ್ಟುಬಿಡಬೇಕು.

ಚಿತ್ರವನ್ನೂ ವಿದ್ಯುತ್ತನ್ನೂ ಒಂದೇ ಕೇಬಲ್ಲಿನಲ್ಲಿ ಒಯ್ಯುವ ವ್ಯವಸ್ಥೆಗೆ ಪಿಒಇ ಎನ್ನುತ್ತಾರೆ. ಅದರ ಅಳವು 100 ಮೀಟರ್. ತೋಟದ ಮನೆ ಅಷ್ಟು ಹತ್ತಿರವಿದ್ದರೆ ಅದು ಭಾಗ್ಯವೇ ಸರಿ. ಪಂಪ್‌ಸೆಟ್ಟಿಗೆ ದಿನಕ್ಕೆ ಕೆಲವೇ ತಾಸು ಬರುವ ತ್ರಿಫೇಸ್ ಕರೆಂಟನ್ನು ನೆಚ್ಚುವಂತಿಲ್ಲವಾದ್ದರಿಂದ ಸೌರಫಲಕ ಬೇಕಾಗುತ್ತದೆ. ಕ್ಯಾಮೆರಾ, ಮೋಡೆಮ್, ಪುಟ್ಟ ಕಂಪ್ಯೂಟರ್ ಸೇರಿ 15 ವ್ಯಾಟ್ ತಿಂದರೆ ದಿನಕ್ಕೆ 360 ವ್ಯಾಟ್-ತಾಸು. 12 ವೋಲ್ಟಿನ 100 ಆಂಪಿಯರ್-ತಾಸಿನ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡದೆ ಬಳಸಿದರೆ ಮೋಡ ಮುಸುಕಿದ ಒಂದೂವರೆ ದಿನ ತಳ್ಳಬಹುದು. ಅದಕ್ಕಿಂತ ಕಠಿಣವಾದದ್ದು ಡೇಟಾದ ಲೆಕ್ಕ. ಸೆಕೆಂಡಿಗೆ 4 ಮೆಗಾಬಿಟ್ ವೇಗದ ಸ್ಫುಟವಾದ ಚಿತ್ರವು ತಾಸಿಗೆ 1.8 ಗಿಗಾಬೈಟ್ ನುಂಗುತ್ತದೆ. ದಿನಕ್ಕೆ 2 ಗಿಗಾಬೈಟ್ ಕೊಡುವ ಮೊಬೈಲ್ ಸಿಮ್ಮು ಸೂರ್ಯ ಒಂದಿಷ್ಟು ಮೇಲೇರುವಷ್ಟರಲ್ಲಿ ಖಾಲಿ. ಚಿತ್ರವನ್ನು 1.5 ಮೆಗಾಬಿಟ್ಟಿಗೆ ಇಳಿಸಿ ಹಗಲಿಗಷ್ಟೇ ಸೀಮಿತಗೊಳಿಸಿದರೂ 12 ತಾಸಿಗೆ 8 ಗಿಗಾಬೈಟಿನ ಮೇಲಾಗುತ್ತದೆ. ಯೂಟ್ಯೂಬ್ 12 ತಾಸಿಗಿಂತ ಕಡಿಮೆಯ ಪ್ರಸಾರವನ್ನು ಮಾತ್ರ ತಾನಾಗಿ ಸಂಗ್ರಹಿಸಿಡುವುದರಿಂದ, ಜುಲೈನ ದೀರ್ಘ ಹಗಲನ್ನು ಮಧ್ಯಾಹ್ನ ಎರಡಾಗಿ ಕತ್ತರಿಸುವುದು ಜಾಣತನ. ನೇರಪ್ರಸಾರವೆಂಬ ಹೆಸರಿದ್ದರೂ ನೋಡುಗನಿಗೆ ಚಿತ್ರ ತಲುಪುವುದು ಹಲವು ಸೆಕೆಂಡು ತಡವಾಗಿಯೇ. ಆ ವೇಳೆಗೆ ಎಳೆ ಕಚ್ಚಿ ತಂದ ಹಕ್ಕಿ ಮತ್ತೆ ಕಬ್ಬಿನ ಗದ್ದೆ ಸೇರಿರುತ್ತದೆ.

ಇರುಳಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸುವ ಸೌಲಭ್ಯವನ್ನು ಇಲ್ಲಿ ಬಳಸದಿರುವುದೇ ವಿವೇಕ. ಹೆಣ್ಣು ಚೀಲದೊಳಗೆ ಮೊಟ್ಟೆಯ ಮೇಲಿರುತ್ತದೆ, ಗಂಡುಗಳು ಜೊಂಡಿನಲ್ಲೋ ಕಬ್ಬಿನಲ್ಲೋ ಗುಂಪಾಗಿ ಮಲಗಿರುತ್ತವೆ. ನೋಡಲು ಏನೂ ಇರುವುದಿಲ್ಲ. ಆ ಬೆಳಕಿಗೆ ಹುಳುಗಳು, ಹುಳುಗಳಿಗೆ ಜೇಡ ಬಂದು ಮಸೂರದ ಮುಂದೆ ಬಲೆ ನೇಯ್ದರೆ ಮಾತ್ರ ಫಜೀತಿ. ಆ ಬಲೆಯನ್ನು ತೆಗೆಯಲು ಏಣಿ ಹೊತ್ತು ಹೋಗುವ ಆಸೆಯನ್ನು ಗೆಲ್ಲುವುದೇ ಈ ಹವ್ಯಾಸದ ಅತಿ ಕಷ್ಟದ ಪಾಠ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾಯಿದೆ ಇರಲಿ, ಮೊಟ್ಟೆಗೆ ಎರಡು ವಾರ, ಮರಿಗೆ ಎರಡೂವರೆ ವಾರ ಬೇಕಾಗುವ ಆ ಅವಧಿಯಲ್ಲಿ ಕಾಗೆ ಕೊಳವೆಯನ್ನು ಹರಿದರೂ ಹಾವು ಕೊಂಬೆಯಿಳಿದರೂ ನೋಡಬೇಕಾದವನು ನೋಡುತ್ತಲೇ ಇರಬೇಕು.

ಬಾವಿ ಹಕ್ಕಿಯದಷ್ಟೇ ಅಲ್ಲವೆಂಬುದನ್ನೂ ಮರೆಯಬಾರದು. ಅಲ್ಲಿ ಬಟ್ಟೆ ಒಗೆಯುವವರು, ಈಜುವ ಹುಡುಗರು, ಎತ್ತಿಗೆ ನೀರು ಕುಡಿಸುವವರು ಬರುತ್ತಾರೆ. ಚೌಕಟ್ಟಿನೊಳಗೆ ಮೆಟ್ಟಿಲೂ ಕಾಲುದಾರಿಯೂ ಬೀಳದಂತೆ ಕ್ಯಾಮೆರಾವನ್ನು ಮೇಲ್ಮುಖವಾಗಿಯೇ ಕಟ್ಟಿ, ಧ್ವನಿಗ್ರಾಹಕವನ್ನು ಮುಚ್ಚಿಡುವುದು ಮರ್ಯಾದೆ. ಗೀಜಗಗಳ ಚಿಲಿಪಿಲಿ ಇದರಿಂದ ಕಳೆದುಹೋಗುತ್ತದೆನ್ನುವುದು ನಿಜ, ಆದರೆ ಊರಿನ ಮಾತು ಲೋಕಕ್ಕೆ ಹರಿಯುವುದಕ್ಕಿಂತ ಅದು ವಾಸಿ.

ಹಿಂಗಾರಿ ಜೋಳದ ಬಿತ್ತನೆ ಮುಗಿಯುವ ಹೊತ್ತಿಗೆ ಮರ ಬರಿದಾಗಿ, ಕಂಬ ಕೀಳುವ ಕಾಲ ಬಂದಿರುತ್ತದೆ. ಆದರೆ ಗೀಜಗ ತೊರೆದ ಗೂಡನ್ನು ಪುಟ್ಟ ರಾಟವಾಳ ಹಕ್ಕಿಗಳು ಬಾಡಿಗೆಯಿಲ್ಲದ ಮನೆಯಂತೆ ಹಿಡಿದು, ಅದರೊಳಗೆ ಮಲಗುವುದೂ ಮರಿ ಮಾಡುವುದೂ ಉಂಟು. ಒಣಗಿ ಕಂದಾದ ಚೀಲವೊಂದರ ಕೊಳವೆಯೊಳಗೆ ಹಾಗೆ ಒಂದು ರಾಟವಾಳ ನುಸುಳಿದ್ದು ಪರದೆಯ ಮೇಲೆ ಕಂಡಿತೆಂದರೆ, ಬಾವಿಯ ದಂಡೆಗೆ ತಂದ ಏಣಿ ಮತ್ತೆ ತೋಟದ ಮನೆಯ ಗೋಡೆಗೆ ಒರಗುತ್ತದೆ, ಸಿಮ್ಮಿಗೆ ಇನ್ನೊಂದು ತಿಂಗಳ ರೀಚಾರ್ಜು ಬೀಳುತ್ತದೆ.